ಸನ್ಯಾಸಿ ಸಂತರ ಐಕಾನ್ ಕೊಳ್ಳುವ ಮುಂಚೆ: ಮುದ್ರಿತವೋ, ಕೈಯಲ್ಲಿ ಬರೆದದ್ದೋ, ಹಳೆಯದೋ?

ಐಕಾನ್ ಅಂದರೆ ಆರ್ಥೊಡಾಕ್ಸ್ ಕ್ರೈಸ್ತರು ಪ್ರಾರ್ಥನೆಗೆ ಇಟ್ಟುಕೊಳ್ಳುವ ಸಂತರ ಚಿತ್ರ. ಮೇಜಿನ ಮೇಲೆ ಅಂಥ ಎರಡು ಐಕಾನ್ ಇವೆ ಅಂದುಕೊಳ್ಳಿ. ಎರಡರಲ್ಲೂ ಒಬ್ಬರೇ ಸಂತರು, ರಾದೊನೆಜ್‌ನ ಸೆರ್ಗಿ. ಎರಡರಲ್ಲೂ ಕಂದು ಬಣ್ಣದ ನಿಲುವಂಗಿ, ಎಡಗೈಯಲ್ಲಿ ಒಂದು ಬರಹದ ಸುರುಳಿ, ಆಶೀರ್ವಾದಕ್ಕೆ ಎತ್ತಿದ ಬಲಗೈ, ತಲೆಯ ಸುತ್ತ ಚಿನ್ನದ ಪ್ರಭಾವಳಿ. ಎರಡೂ ಮರದ ಹಲಗೆಯ ಮೇಲೇ ಇವೆ. ಒಂದರ ಬೆಲೆ ಇಬ್ಬರ ಊಟದ ದುಡ್ಡು, ಇನ್ನೊಂದರದ್ದು ಒಂದು ತಿಂಗಳ ಮನೆ ಬಾಡಿಗೆ. ಯಾವುದು ತಗೊಳ್ಳಬೇಕು?

ನಾನು ಮಾಸ್ಕೋದಲ್ಲಿದ್ದ ವರ್ಷಗಳಲ್ಲಿ ಈ ಪ್ರಶ್ನೆಯನ್ನು ತುಂಬಾ ಜನ ಕೇಳಿದ್ದಾರೆ. ಊರಿಂದ ತಿರುಗಾಡಲು ಬಂದವರು, ಅಲ್ಲಿ ಮೆಡಿಕಲ್ ಓದುವ ನಮ್ಮ ಹುಡುಗರು, ಸ್ನೇಹಿತರಿಗೆ ಏನಾದರೂ ಒಳ್ಳೆಯದು ಕೊಡಬೇಕು ಅಂತ ಹುಡುಕುವವರು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸನ್ಯಾಸಿ ಸಂತರ ಐಕಾನ್‌ನಲ್ಲಿ ನೀವು ದುಡ್ಡು ಕೊಡಬೇಕಾದ್ದು ಮುಖಕ್ಕೆ. ಚಿನ್ನಕ್ಕಲ್ಲ, ಬೆಳ್ಳಿಯ ಕವಚಕ್ಕಲ್ಲ, "ಇದು ತುಂಬಾ ಹಳೆಯದು" ಅನ್ನುವ ಮಾತಿಗಂತೂ ಅಲ್ಲವೇ ಅಲ್ಲ.

ಯಾಕೆ ಅಂತ ಕೇಳಿ. ಸಂತ ಜಾರ್ಜ್ ಅವರ ಐಕಾನ್ ಆದರೆ ಅಲ್ಲಿ ಬಿಳಿ ಕುದುರೆ ಇದೆ, ಘಟಸರ್ಪ ಇದೆ, ಗಾಳಿಗೆ ಹಾರುವ ಕೆಂಪು ಮೇಲುಹೊದಿಕೆ ಇದೆ. ಮುಖ ಸ್ವಲ್ಪ ಸಪ್ಪೆಯಾದರೂ ಕಣ್ಣು ಅತ್ತಿತ್ತ ಓಡಾಡಿ ಸಮಾಧಾನ ಮಾಡಿಕೊಳ್ಳುತ್ತೆ. ಸನ್ಯಾಸಿಯ ಐಕಾನ್‌ನಲ್ಲಿ ಅದ್ಯಾವುದೂ ಇಲ್ಲ. ಕಂದು ಬಟ್ಟೆ, ಎರಡು ಕೈ, ಒಂದು ಸುರುಳಿ, ಒಂದು ಮುಖ. ಅಷ್ಟೇ. ಬರೆದವರ ಕೈ ಪಳಗಿಲ್ಲ ಅಂದರೆ ಬಚ್ಚಿಡಲು ಜಾಗವೇ ಇಲ್ಲ. ಹಾಗೆಯೇ ಕೈ ಪಳಗಿದ್ದರೆ, ಅಷ್ಟು ಕಡಿಮೆ ಬಣ್ಣದಲ್ಲಿ ಆ ಮುಖ ನಿಮ್ಮನ್ನು ಹಿಡಿದು ನಿಲ್ಲಿಸುತ್ತೆ.

ಸೆರ್ಗಿ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹುಟ್ಟಿದ್ದು ಸುಮಾರು 1314ರಲ್ಲಿ, ತೀರಿಕೊಂಡಿದ್ದು 1392ರಲ್ಲಿ. ಅಣ್ಣನ ಜೊತೆ ಕಾಡಿಗೆ ಹೋಗಿ ಒಂದು ಪುಟ್ಟ ಮರದ ಇಗರ್ಜಿ ಕಟ್ಟಿಕೊಂಡರು. ಅದೇ ಬೆಳೆದು ಇವತ್ತಿನ ತ್ರಿತ್ವ ಸೆರ್ಗಿ ಮಠ ಆಗಿದೆ, ಮಾಸ್ಕೋದಿಂದ ಸುಮಾರು 70 ಕಿಲೋಮೀಟರ್ ದೂರದ ಸೆರ್ಗಿಯೆವ್ ಪೊಸಾದ್ ಊರಿನಲ್ಲಿ. ಹಳೆಯ ರಷ್ಯದ ದೊಡ್ಡ ಐಕಾನ್ ಚಿತ್ರಕಾರ ಆಂದ್ರೆಯ್ ರುಬ್ಲ್ಯೋವ್ ಬರೆದ ಪ್ರಸಿದ್ಧ ತ್ರಿತ್ವದ ಐಕಾನ್ ಇದೇ ಮಠದ್ದು. ಸೆರ್ಗಿಯವರ ಅತಿ ಹಳೆಯ ರೂಪಗಳಲ್ಲಿ ಒಂದು ಬಣ್ಣದ್ದಲ್ಲ, ಕಸೂತಿಯದ್ದು. ಸಮಾಧಿಯ ಮೇಲೆ ಹೊದಿಸಲು 1420ರ ದಶಕದಲ್ಲಿ ದಾರದಲ್ಲಿ ಹೊಲಿದ ಹೊದಿಕೆ ಅದು. ಅವರನ್ನು ಕಂಡಿದ್ದವರು ಇನ್ನೂ ಬದುಕಿದ್ದ ಕಾಲ. ಅದರಲ್ಲಿ ಕಣ್ಣುಗಳು ಒಂದಕ್ಕೊಂದು ಹತ್ತಿರ, ನೋಟ ನೇರ. ಸಾಧ್ಯವಾದರೆ ಅದರ ಫೋಟೋ ಒಮ್ಮೆ ನೋಡಿಕೊಂಡು ಆಮೇಲೆ ಅಂಗಡಿಗೆ ಹೋಗಿ. ಅಂಗಡಿಯ ಮುಖಗಳನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ.

ಮುದ್ರಿತ ಐಕಾನ್ ಕೀಳಲ್ಲ

ಇದನ್ನು ಒತ್ತಿ ಹೇಳಬೇಕು. ಮುದ್ರಿತ ಐಕಾನ್ ಅಂದರೆ ಒಳ್ಳೆಯ ಮೂಲದ ಫೋಟೋ ತೆಗೆದು, ಕಾಗದದ ಮೇಲೋ ಬಟ್ಟೆಯ ಮೇಲೋ ಅಚ್ಚು ಹಾಕಿ, ಹಲಗೆಗೆ ಅಂಟಿಸಿ ವಾರ್ನಿಶ್ ಬಳಿದದ್ದು. ರಷ್ಯದ ಆರ್ಥೊಡಾಕ್ಸ್ ಕ್ರೈಸ್ತ ಸಭೆಗೆ ಸೊಫ್ರಿನೊ ಅನ್ನುವ ಊರಿನಲ್ಲಿ ತನ್ನದೇ ಕಾರ್ಖಾನೆ ಇದೆ, ಅಲ್ಲಿಂದಲೂ ಇಂಥವು ಬರುತ್ತವೆ. ಎಷ್ಟೋ ರಷ್ಯನ್ ಮನೆಗಳ ದೇವರ ಮೂಲೆಯಲ್ಲಿ ಇರುವುದು ಇದೇ. ಅದರ ಮುಂದೆ ದೀಪ ಹಚ್ಚಿ, ಕೈ ಮುಗಿದು, ಮಕ್ಕಳನ್ನು ಎತ್ತಿಕೊಂಡು ಮುತ್ತು ಕೊಡಿಸುತ್ತಾರೆ. ಪ್ರಾರ್ಥನೆಗೆ ಬೇಕು, ಕೈಯಲ್ಲಿ ಹೆಚ್ಚು ದುಡ್ಡಿಲ್ಲ ಅಂದರೆ ಸುಮ್ನೆ ಯೋಚನೆ ಮಾಡಬೇಡಿ, ಒಳ್ಳೆಯ ಮುದ್ರಿತ ಐಕಾನ್ ತಗೊಳ್ಳಿ. ಸಾಮಾನ್ಯ ಕೈಯ ಕೆಟ್ಟ ಚಿತ್ರಕ್ಕಿಂತ ರುಬ್ಲ್ಯೋವ್ ಕಾಲದ ಒಂದು ಒಳ್ಳೆಯ ಐಕಾನ್‌ನ ಮುದ್ರಣ ಎಷ್ಟೋ ಮೇಲು.

ಮುದ್ರಿತವೋ ಕೈಯಲ್ಲಿ ಬರೆದದ್ದೋ ಅನ್ನುವ ಈ ಜಗಳ ಹೊಸದೇನಲ್ಲ. 19ನೇ ಶತಮಾನದ ಕೊನೆಯಲ್ಲಿ ರಷ್ಯದ ಕಾರ್ಖಾನೆಗಳು ತಗಡಿನ ಮೇಲೆ ಐಕಾನ್ ಅಚ್ಚು ಹಾಕಿ ಮಾರಲು ಶುರು ಮಾಡಿದವು. ಪಾಲೆಖ್, ಮ್ಸ್ತ್ಯೋರಾ, ಖೋಲೂಯ್ ಅನ್ನುವ ಮೂರು ಊರುಗಳಲ್ಲಿ ಮನೆಮನೆಯೂ ಇದೇ ಕಸುಬಿನಿಂದ ಬದುಕುತ್ತಿತ್ತು, ಅವರ ಹೊಟ್ಟೆಯ ಮೇಲೆ ಏಟು ಬಿತ್ತು. 1901ರಲ್ಲಿ ಜಾರ್ ಎರಡನೇ ನಿಕೊಲಾಯ್ ಐಕಾನ್ ಕಸುಬನ್ನು ಕಾಪಾಡಲು ಒಂದು ಸಮಿತಿಯನ್ನೇ ಮಾಡಬೇಕಾಯಿತು. 1917ರ ಕ್ರಾಂತಿ ಆದ ಮೇಲೆ ಐಕಾನ್ ಬರೆಯುವ ದಾರಿಯೇ ಮುಚ್ಚಿತು. ಪಾಲೆಖ್‌ನವರು ಅದೇ ಕುಂಚ, ಮೊಟ್ಟೆಯಲ್ಲಿ ಕಲಸಿದ ಅದೇ ಬಣ್ಣ ಹಿಡಿದುಕೊಂಡು ಕಪ್ಪು ಡಬ್ಬಿಗಳ ಮೇಲೆ ಜಾನಪದ ಕಥೆ ಬರೆದು ಬದುಕಿದರು. ಕೈ ಮರೆಯಲಿಲ್ಲ. ಸೋವಿಯತ್ ಆಡಳಿತ ಹೋದ ಮೇಲೆ ಮತ್ತೆ ಐಕಾನ್‌ಗೆ ಮರಳಿದರು.

ಹಾಗಾಗಿ ಮುದ್ರಿತ ಅಂತ ಹೇಳಿ ಮಾರುವುದು ಒಂದು, ಕೈಬರಹ ಅಂತ ನಂಬಿಸಿ ಮುದ್ರಿತವನ್ನು ಮಾರುವುದು ಇನ್ನೊಂದು. ಎರಡನೆಯದರಿಂದ ದೂರ ಇರಿ.

ನಂಬಿಸುವ ದಾರಿ ಹೇಗಿರುತ್ತೆ ಅಂದರೆ, ಚೀಟಿಯಲ್ಲಿ "ಕೈಕೆಲಸ" ಅಂತ ಇರುತ್ತೆ. ಕೈಕೆಲಸ ಏನು? ಕಾಗದವನ್ನು ಕೈಯಲ್ಲಿ ಅಂಟಿಸಿರುತ್ತಾರೆ. ಇಲ್ಲವೇ ಮುದ್ರಣದ ಮೇಲೆ ಪ್ರಭಾವಳಿಗೆ ಒಂದು ಗೆರೆ, ಗಡ್ಡಕ್ಕೆ ನಾಲ್ಕು ಬಿಳಿ ಎಳೆ ಕುಂಚದಲ್ಲಿ ಎಳೆದಿರುತ್ತಾರೆ. ಮುದ್ರಣಕ್ಕಿಂತ ಬೆಲೆ ಜಾಸ್ತಿ, ಕೈಬರಹದ ಗುಣ ಇಲ್ಲ. ಇಂಥದ್ದನ್ನು ತಗೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ರಷ್ಯದಲ್ಲಾದರೆ ನೀವು ಕೇಳಬೇಕಾದ ಪದ "ರುಕೊಪಿಸ್ನಾಯ", ಅಂದರೆ ಕೈಯಲ್ಲಿ ಬರೆದದ್ದು. ಮುದ್ರಿತಕ್ಕೆ "ಪೆಚಾತ್ನಾಯ" ಅನ್ನುತ್ತಾರೆ. ಅಂದಹಾಗೆ ರಷ್ಯನ್ನಿನಲ್ಲಿ ಅಕ್ಷರ ಬರೆಯುವುದಕ್ಕೂ ಚಿತ್ರ ಬರೆಯುವುದಕ್ಕೂ ಒಂದೇ ಪದ. ಇಂಗ್ಲಿಷ್ ಓದುವವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಅದರಲ್ಲಿ ಹೊಸದೇನಿದೆ, ನಾವೂ ಚಿತ್ರ ಬರೆಯುವವರೇ ಅಲ್ವಾ.

ಪರೀಕ್ಷೆ ಸುಲಭ. ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಮುದ್ರಣವಾದರೆ ಕೆನ್ನೆಯ ಮೇಲೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ಜಾಲ ಕಾಣುತ್ತೆ. ಕೈಬರಹವಾದರೆ ಗೆರೆಯ ಮೇಲೆ ಗೆರೆ ಕೂತಿರುತ್ತೆ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆಮೇಲೆ ಹಲಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಪ್ರಭಾವಳಿಯ ಅಂಚಿನಲ್ಲಿ ಸೂಜಿಯಿಂದ ಗೀರಿದ ತೆಳು ಗೆರೆ ಕಾಣಬಹುದು, ಚಿನ್ನ ಎಲ್ಲಿ ಮುಗಿಯಬೇಕು ಅಂತ ಮೊದಲೇ ಹಾಕಿಕೊಂಡ ಗುರುತು ಅದು.

ಕೈಯಲ್ಲಿ ಬರೆದದ್ದರಲ್ಲಿ ಏನಿದೆ

ಮೈಸೂರು ಚಿತ್ರಕಲೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಅಲ್ಲೂ ಮೊದಲು ಹಲಗೆಯ ಸಿದ್ಧತೆ, ಆಮೇಲೆ ಚಿನ್ನದ ರೇಕು, ಕೊನೆಗೆ ಬಣ್ಣ. ರಷ್ಯದಲ್ಲಿ ಹಲಗೆ ಹೆಚ್ಚಾಗಿ ಲಿಂಡನ್ ಮರದ್ದು, ಗ್ರೀಸಿನಲ್ಲಿ ಸೈಪ್ರೆಸ್ ಕೂಡ ಬಳಸುತ್ತಾರೆ. ಹಲಗೆ ಡೊಂಕಾಗದಂತೆ ಹಿಂದೆ ಅಡ್ಡಕ್ಕೆ ಗಟ್ಟಿ ಮರದ ಪಟ್ಟಿ ಕೂರಿಸುತ್ತಾರೆ, ಮುಂದೆ ನಡುಭಾಗವನ್ನು ತಟ್ಟೆಯ ಹಾಗೆ ಸ್ವಲ್ಪ ಕೊರೆಯುತ್ತಾರೆ. ಅದರ ಮೇಲೆ ನಾರುಬಟ್ಟೆ ಅಂಟಿಸಿ, ಸೀಮೆಸುಣ್ಣದ ಪುಡಿಯನ್ನು ಪ್ರಾಣಿಯ ಅಥವಾ ಮೀನಿನ ಅಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿಯುತ್ತಾರೆ. ಒಂದು ಒಣಗಬೇಕು, ಆಮೇಲೆ ಇನ್ನೊಂದು. ಹತ್ತಾರು ಸಲ. ಇದಕ್ಕೆ ಲೆವ್ಕಾಸ್ ಅಂತಾರೆ. ಉಜ್ಜಿ ಉಜ್ಜಿ ದಂತದಷ್ಟು ನಯ ಆದ ಮೇಲೇ ಚಿತ್ರ ಶುರು. ಈ ಕೆಲಸ ಅವಸರದಲ್ಲಿ ಮಾಡಿದ್ದರೆ ಐಕಾನ್ ಕೆಲವೇ ವರ್ಷಕ್ಕೆ ಬಿರುಕು ಬಿಡುತ್ತೆ, ಮುಖ ಎಷ್ಟೇ ಚೆನ್ನಾಗಿದ್ದರೂ. ಅದಕ್ಕೇ ಹಿಂಬದಿಯನ್ನು ನೋಡದೆ ಯಾವ ಐಕಾನ್ ಕೂಡ ಕೊಳ್ಳಬೇಡಿ.

ಬಣ್ಣ ಕಲಸುವುದು ಮೊಟ್ಟೆಯ ಹಳದಿ ಭಾಗದಲ್ಲಿ, ಜೊತೆಗೆ ಸ್ವಲ್ಪ ನೀರು ಮತ್ತು ವಿನೆಗರ್ ಅಥವಾ ವೈನ್. ಈಗ ಮುಖಕ್ಕೆ ಬನ್ನಿ, ಏಕೆಂದರೆ ಎಲ್ಲ ಇರುವುದೇ ಇಲ್ಲಿ. ಮೊದಲು ಇಡೀ ಮುಖಕ್ಕೆ ಕಡು ಹಸಿರು ಮಿಶ್ರಿತ ಕಂದು ಬಳಿಯುತ್ತಾರೆ, ಸಂಕೀರ್ ಅಂತ ಅದರ ಹೆಸರು. ನೋಡಿದರೆ ಮಣ್ಣಿನ ಮುಖ ಅನ್ನಿಸುತ್ತೆ. ಅದರ ಮೇಲೆ ಹಳದಿ ಮಣ್ಣಿನ ಬಣ್ಣ, ನೀರಿನಷ್ಟು ತೆಳ್ಳಗೆ, ಹಣೆಗೆ, ಮೂಗಿನ ಏಣಿಗೆ, ಕೆನ್ನೆಯ ಎಲುಬಿಗೆ. ಪ್ರತಿ ಪದರ ಹಿಂದಿನದಕ್ಕಿಂತ ಸ್ವಲ್ಪ ತಿಳಿ, ಸ್ವಲ್ಪ ಕಡಿಮೆ ಜಾಗ. ಕಣ್ಣಿನ ಕುಳಿ ಮತ್ತು ಗಡ್ಡದ ಬುಡದಲ್ಲಿ ಮೊದಲಿನ ಮಣ್ಣಿನ ಬಣ್ಣ ಹಾಗೇ ಉಳಿಯುತ್ತೆ. ಕೊನೆಗೆ ಕಣ್ಣಿನ ಕೆಳಗೆ, ಹುಬ್ಬಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು, ಮೂರೋ ನಾಲ್ಕೋ. ಆ ಗೆರೆ ಬಿದ್ದ ಕ್ಷಣ ಮುಖ ನಿಮ್ಮ ಕಡೆ ತಿರುಗಿದ ಹಾಗೆ ಆಗುತ್ತೆ. ನಾನು ಒಮ್ಮೆ ಬರೆಯುವವರ ಪಕ್ಕದಲ್ಲಿ ಕೂತು ಇದನ್ನು ನೋಡಿದ್ದೇನೆ. ಅವತ್ತಿನಿಂದ ಅಂಗಡಿಯಲ್ಲಿ ನಾನು ಮೊದಲು ಹುಡುಕುವುದು ಈ ಬಿಳಿ ಗೆರೆಗಳನ್ನೇ. ಒಳ್ಳೆಯ ಕೆಲಸದಲ್ಲಿ ಅವು ಕೆಳಗಿನ ಬೆಳಕಿನ ತುದಿಯಲ್ಲಿ ಕೂತಿರುತ್ತವೆ. ಕೆಟ್ಟ ಕೆಲಸದಲ್ಲಿ ಅವು ಮುಖದ ಮೇಲೆ ಅಂಟಿಸಿದ ದಾರದ ಹಾಗೆ ಕಾಣುತ್ತವೆ.

ಅಕ್ರಿಲಿಕ್‌ನಲ್ಲಿ ಬರೆದವೂ ಸಿಗುತ್ತವೆ. ಬೆಲೆ ಕಡಿಮೆ, ಬೇಗ ಆಗುತ್ತೆ, ಗಟ್ಟಿಯೂ ಹೌದು. ಬೇಡ ಅಂತ ಹೇಳುವುದಿಲ್ಲ. ಆದರೆ ತೆಳು ಪದರಗಳ ಆ ಒಳಗಿನ ಬೆಳಕು ಅಕ್ರಿಲಿಕ್‌ನಲ್ಲಿ ಬರುವುದು ಕಷ್ಟ, ಸನ್ಯಾಸಿಯ ಮುಖಕ್ಕೆ ಅದೇ ಮುಖ್ಯ. ಮಾರುವವರು "ಇದು ಅಕ್ರಿಲಿಕ್" ಅಂತ ತಾವೇ ಹೇಳಿದರೆ ಅವರ ಬೇರೆ ಮಾತುಗಳನ್ನೂ ನಂಬಬಹುದು ಅನ್ನುವುದು ನನ್ನ ಅನುಭವ.

ಚಿನ್ನದ ವಿಷಯ ಬೇಗ ಮುಗಿಸುತ್ತೇನೆ. ಅಸಲಿ ರೇಕು ಬಣ್ಣ ಬದಲಾಗುವುದಿಲ್ಲ. "ಪೊತಾಲ್" ಅನ್ನುವುದು ಹಿತ್ತಾಳೆ ಜಾತಿಯ ಮಿಶ್ರಲೋಹದ ರೇಕು, ವಾರ್ನಿಶ್ ಸರಿಯಾಗಿ ಮುಚ್ಚದಿದ್ದರೆ ಕಾಲಕ್ರಮೇಣ ಕಪ್ಪಾಗುತ್ತೆ. ಎರಡರಲ್ಲಿ ಯಾವುದು ಅಂತ ನೇರ ಕೇಳಿ. ದುಡ್ಡು ಉಳಿಸಬೇಕು ಅಂದರೆ ನನ್ನ ಸಲಹೆ ಬೇರೆ: ಪ್ರಭಾವಳಿಗೆ ಮಾತ್ರ ಅಸಲಿ ಚಿನ್ನ, ಹಿನ್ನೆಲೆಗೆ ತಿಳಿ ಹಳದಿ ಮಣ್ಣಿನ ಬಣ್ಣ. ಎಷ್ಟೋ ಹಳೆಯ ರಷ್ಯನ್ ಐಕಾನ್‌ಗಳು ಹಾಗೇ ಇವೆ, ಕಾಡಿನಲ್ಲಿ ಬದುಕಿದ ಸನ್ಯಾಸಿಗೆ ಅದು ಚೆನ್ನಾಗಿಯೂ ಒಪ್ಪುತ್ತೆ.

ಬೆಳ್ಳಿ ಅಥವಾ ಹಿತ್ತಾಳೆಯ ಕವಚ ಇರುವ ಐಕಾನ್ ನೋಡಿ ಮರುಳಾಗಬೇಡಿ. ಕವಚದಲ್ಲಿ ಮುಖ ಮತ್ತು ಕೈಗಳಿಗೆ ಮಾತ್ರ ಕಿಂಡಿ ಇರುತ್ತೆ. 19ನೇ ಶತಮಾನದ ಅಗ್ಗದ ಐಕಾನ್‌ಗಳಲ್ಲಿ ಕಿಂಡಿಯಲ್ಲಿ ಕಾಣುವಷ್ಟನ್ನೇ ಬರೆದು ಉಳಿದ ಹಲಗೆಯನ್ನು ಖಾಲಿ ಬಿಡುವ ರೂಢಿ ಇತ್ತು. ಕವಚ ತೆಗೆದು ತೋರಿಸಿ ಅಂತ ಕೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ.

ಹಳೆಯದು ಅಂತ ಹೇಳಿದಾಗ

ಇದರಲ್ಲಿ ನಾನೇ ಏಟು ತಿಂದಿದ್ದೇನೆ. ಮೊದಲ ವರ್ಷ ಒಂದು ಅಂಗಡಿಯಲ್ಲಿ ಸಾರೊವ್‌ನ ಸೆರಾಫಿಮ್ ಅನ್ನುವ ರಷ್ಯನ್ ಸನ್ಯಾಸಿ ಸಂತರ ಐಕಾನ್ ಕಂಡಿತು. ಬಿಳಿ ಅಂಗಿ, ಬಾಗಿದ ಬೆನ್ನು, ಎದೆಯ ಮೇಲೆ ತಾಮ್ರದ ಶಿಲುಬೆ. ಮೇಲೆಲ್ಲ ಬಿರುಕು. 1850ರ ಸುಮಾರಿನದ್ದು ಅಂದರು. ಮನಸ್ಸು ತಡೆಯಲಿಲ್ಲ, ಉಳಿಸಿದ್ದ ದುಡ್ಡು ಕೊಟ್ಟು ತಂದೆ. ನಮ್ಮ ಮೇಲಿನ ಮನೆಯ ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, ಪ್ರಭಾವಳಿಯ ಮೇಲೆ ಬೆರಳಿಟ್ಟು, "ಮಗಳೇ, ಇವರನ್ನು ಸಂತರು ಅಂತ ಘೋಷಿಸಿದ್ದು 1903ರಲ್ಲಿ, 1850ರಲ್ಲಿ ಈ ಪ್ರಭಾವಳಿ, ಸಂತ ಅನ್ನುವ ಈ ಬಿರುದು ಯಾರು ಬರೆದರು?" ಅಂದರು. ಸೆರಾಫಿಮ್ ತೀರಿಕೊಂಡದ್ದು 1833ರಲ್ಲಿ. ಆಮೇಲೆ ಭೂತಗನ್ನಡಿ ಹಿಡಿದೆವು. ಬಿರುಕೂ ಸುಳ್ಳು. ಮರದ ಎಳೆ ಯಾವ ಕಡೆ ಹೋಗುತ್ತೆ ಅನ್ನುವ ಲೆಕ್ಕವೇ ಇಲ್ಲದೆ ಎಲ್ಲ ಕಡೆ ಒಂದೇ ಸಮನೆ ಬಲೆಯ ಹಾಗೆ ಹರಡಿತ್ತು. ಬಿರುಕು ಬರಿಸುವ ವಾರ್ನಿಶ್ ಡಬ್ಬಿಯಲ್ಲೇ ಸಿಗುತ್ತೆ ಅಂತ ಅವತ್ತು ಗೊತ್ತಾಯಿತು. ತುಂಬಾ ನೋವಾಯಿತು, ದುಡ್ಡಿಗಿಂತ ಹೆಚ್ಚಾಗಿ, ಅಂಥ ಮನುಷ್ಯರ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ.

ಹಳೆಯ ಐಕಾನ್‌ಗಳ ಮೇಲೆ ಕುದಿಸಿದ ಅಗಸೆ ಎಣ್ಣೆ ಬಳಿಯುತ್ತಿದ್ದರು. ಅದು 80ರಿಂದ 100 ವರ್ಷದಲ್ಲಿ ಕಪ್ಪಗಾಗುತ್ತೆ. ಆ ಕಪ್ಪನ್ನು ನಕಲು ಮಾಡುವುದೂ ಸುಲಭವೇ. ಜೊತೆಗೆ ಕಾನೂನಿನ ತೊಡಕು ಇದೆ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ರಷ್ಯದಿಂದ ಸುಮ್ನೆ ಚೀಲದಲ್ಲಿ ಹಾಕಿಕೊಂಡು ಬರಲು ಆಗುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ನೀವು ಅಧ್ಯಯನ ಮಾಡಿದ ಸಂಗ್ರಾಹಕರಲ್ಲದಿದ್ದರೆ ಹಳೆಯದರ ಆಸೆ ಬಿಡಿ. ಹೊಸದಾಗಿ ಬರೆದದ್ದನ್ನು ತಗೊಳ್ಳಿ, ಬರೆದ ವರ್ಷ ಇರುವ ರಸೀದಿ ಕೇಳಿ ಇಟ್ಟುಕೊಳ್ಳಿ.

ಯಾವ ಶೈಲಿ, ಯಾವ ಸಂತರು

ಶೈಲಿಗಳು ಹಲವು. ಹಳೆಯ ಮಾಸ್ಕೋ ದಾರಿಯಲ್ಲಿ ಬರೆದವು ಸರಳ, ಶಾಂತ, ಬಣ್ಣ ಮಿತ. ಸೋವಿಯತ್ ಕಾಲದಲ್ಲಿ ಈ ದಾರಿಯನ್ನು ಉಳಿಸಿದವರು ಮಾರಿಯಾ ಸೊಕೊಲೊವಾ, ಸನ್ಯಾಸದ ಹೆಸರು ಯುಲಿಯಾನಿಯಾ. ಸೆರ್ಗಿಯವರ ಮಠದಲ್ಲೇ ವಿದ್ಯಾರ್ಥಿಗಳಿಗೆ ಕಲಿಸಿ 1981ರಲ್ಲಿ ತೀರಿಕೊಂಡರು. ಪಾಲೆಖ್ ಶೈಲಿ ಬಹಳ ನಾಜೂಕು, ಬಟ್ಟೆಯ ಮಡಿಕೆಯಲ್ಲೂ ಚಿನ್ನದ ಎಳೆ. ಗ್ರೀಕ್ ಶೈಲಿಯಲ್ಲಿ ಮುಖ ಗಟ್ಟಿ, ನೆರಳು ಬೆಳಕಿನ ವ್ಯತ್ಯಾಸ ಜಾಸ್ತಿ. 18, 19ನೇ ಶತಮಾನದಲ್ಲಿ ಬಂದ ಎಣ್ಣೆಬಣ್ಣದ ಶೈಲಿ ಮನುಷ್ಯರ ಭಾವಚಿತ್ರದ ಹಾಗಿರುತ್ತೆ. ಸೆರ್ಗಿಗೆ ನನ್ನ ಆಯ್ಕೆ ಹಳೆಯ ಮಾಸ್ಕೋ ದಾರಿ, ಎರಡು ಮಾತಿಲ್ಲ. ಸೆರಾಫಿಮ್ ಅವರಿಗೆ ಎಣ್ಣೆಬಣ್ಣದ ಶೈಲಿಯೂ ಒಪ್ಪುತ್ತೆ, ಅವರು ನಮಗೆ ಹತ್ತಿರದ ಕಾಲದವರು, ಅವರ ಭಾವಚಿತ್ರವೇ ಇದೆ.

ಬೆಂಗಳೂರಿನವರಿಗೆ ಒಂದು ಮಾತು. ತಾತಗುಣಿಯ ರೋರಿಚ್ ಎಸ್ಟೇಟ್ ಗೊತ್ತಲ್ಲ, ಅಲ್ಲಿದ್ದ ಸ್ವೆತೊಸ್ಲಾವ್ ರೋರಿಚ್ ಅವರ ತಂದೆ ನಿಕೊಲಾಯ್ ಸೆರ್ಗಿಯವರನ್ನು ಹಲವು ಸಲ ಬರೆದಿದ್ದಾರೆ. ಅವು ಚೆಂದ, ಆದರೆ ಅವು ಕಲಾವಿದನ ಚಿತ್ರಗಳು. ಪ್ರಾರ್ಥನೆಗೆ ಅಂತ ಕೇಳುವವರಿಗೆ ಅವುಗಳ ಮುದ್ರಣವನ್ನು ಐಕಾನ್ ಅಂತ ಕೊಡಬೇಡಿ.

ಇನ್ನೊಂದು, ಉಡುಗೊರೆ ಕೊಡುವಾಗ ಯಾರಿಗೆ ಅನ್ನುವುದನ್ನು ನೋಡಿ. ಬ್ರಹ್ಮಾವರದ ನನ್ನ ಗೆಳತಿಯ ಮನೆಯವರು ಅಲ್ಲಿನ ಆರ್ಥೊಡಾಕ್ಸ್ ಸಿರಿಯನ್ ಇಗರ್ಜಿಯವರು. ಅವರಿಗೆ ಸೆರ್ಗಿ ಕೊಡೋಣ ಅಂತಿದ್ದೆ. ಆಮೇಲೆ ಹೊಳೆಯಿತು, ಅವರ ಸಭೆಯ ಪರಂಪರೆಯೂ ಗ್ರೀಕ್, ರಷ್ಯನ್ ಸಭೆಗಳ ಪರಂಪರೆಯೂ 451ರಲ್ಲಿ ಕ್ಯಾಲ್ಸಿಡನ್ ಊರಿನಲ್ಲಿ ಸೇರಿದ ಬಿಷಪ್ಪರ ಮಹಾಸಭೆಯ ವಿಷಯದಲ್ಲಿ ಬೇರೆಯಾದವು, ಸೆರ್ಗಿ ಅದಕ್ಕೆ ಎಷ್ಟೋ ಈಚಿನವರು, ಹಾಗಾಗಿ ಅವರ ಸಂತರ ಸಾಲಿನಲ್ಲಿ ಇಲ್ಲ. ಈಜಿಪ್ಟಿನ ಮರುಭೂಮಿಯ ಆಂಟನಿ ಹಾಗಲ್ಲ. 356ರಲ್ಲಿ ತೀರಿಕೊಂಡವರು, ಸನ್ಯಾಸಿಗಳಿಗೆಲ್ಲ ತಂದೆ ಅನ್ನಿಸಿಕೊಂಡವರು, ಎರಡೂ ಕಡೆಯವರು ಪೂಜಿಸುವವರು. ಆಂಟನಿಯವರ ಐಕಾನ್ ತಂದುಕೊಟ್ಟೆ. ಗೆಳತಿಯ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು, "ನಮ್ಮ ಆಂಟನಿ ಅಪ್ಪನವರು" ಅಂದರು.

ಅಳತೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ರಷ್ಯದಲ್ಲಿ ಮನೆಯ ಐಕಾನ್‌ಗೆ "ಪ್ಯಾದ್ನಿತ್ಸ" ಅಂತ ಒಂದು ಅಳತೆ ಇದೆ, ಪ್ಯಾದ್ ಅಂದರೆ ನಮ್ಮ ಗೇಣು. ಆ ಅಳತೆಯಲ್ಲಿ ಸೊಂಟದವರೆಗಿನ ರೂಪ ತಗೊಳ್ಳಿ, ಮುಖ ದೊಡ್ಡದಾಗಿ ಬರುತ್ತೆ. ಸುತ್ತ ಜೀವನದ ಘಟನೆಗಳ ಪುಟ್ಟ ಚಿತ್ರಗಳಿರುವ ಐಕಾನ್ ಅದ್ಭುತ, ಆದರೆ ಸಣ್ಣ ಹಲಗೆಯಲ್ಲಿ ಅದನ್ನು ಮಾಡಿಸಿದರೆ ಮುಖ ಕಡಲೆಕಾಳಿನಷ್ಟಾಗುತ್ತೆ. ಮಗು ಹುಟ್ಟಿದ ಮನೆಗಾದರೆ ಮಾತ್ರ ಬೇರೆ. ಹುಟ್ಟಿದಾಗ ಮಗು ಎಷ್ಟು ಉದ್ದ ಇತ್ತೋ ಅಷ್ಟೇ ಉದ್ದದ ಹಲಗೆಯ ಮೇಲೆ ಅದರ ಹೆಸರಿನ ಸಂತರನ್ನು ನಿಂತ ಭಂಗಿಯಲ್ಲಿ ಬರೆಸುವ ಹಳೆಯ ಪದ್ಧತಿ ಇದೆ.

ಬರೆಸುವುದೋ, ಸಿದ್ಧ ಇರುವುದೋ ಅಂದರೆ, ಸಮಯ ಇದ್ದರೆ ಬರೆಸಿ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಮುಂಗಡ ಕೊಡುವ ಮುಂಚೆ ಆ ಕಲಾವಿದರು ಈಗಾಗಲೇ ಬರೆದ ಸನ್ಯಾಸಿಗಳ ಮುಖದ ಹತ್ತಿರದ ಫೋಟೋ ಕೇಳಿ, ಬರೀ ದೇವಮಾತೆ ಮರಿಯಳ ಐಕಾನ್ ತೋರಿಸಿದರೆ ಸಾಲದು. ಸುರುಳಿಯಲ್ಲಿ ಏನು ಬರೆಯುತ್ತಾರೆ ಅಂತಲೂ ಕೇಳಿ. ಸೆರ್ಗಿಯವರ ಸುರುಳಿಯಲ್ಲಿ ಹೆಚ್ಚಾಗಿ ಇರುವುದು ಕೊನೆಗಾಲದಲ್ಲಿ ಶಿಷ್ಯರಿಗೆ ಹೇಳಿದ ಮಾತು: ಸೋದರರೇ, ನಿಮ್ಮ ಬಗ್ಗೆ ನೀವು ಎಚ್ಚರವಾಗಿರಿ, ದೇವರ ಭಯ, ಮನಸ್ಸಿನ ಶುದ್ಧಿ, ಕಪಟವಿಲ್ಲದ ಪ್ರೀತಿ ನಿಮ್ಮಲ್ಲಿರಲಿ. ಅಗ್ಗದ ಕೆಲಸದಲ್ಲಿ ಅಕ್ಷರಗಳ ಬದಲು ಸುಮ್ನೆ ಗೀಚಿರುತ್ತಾರೆ. ಸಂತರ ಹೆಸರು ಬರೆದಿದೆಯಾ ಅಂತ ನೋಡಿ, ಹೆಸರು ಬರೆಯುವ ತನಕ ಐಕಾನ್ ಮುಗಿದ ಹಾಗಲ್ಲ.

ತರುವಾಗ ಕೈಚೀಲದಲ್ಲೇ ತನ್ನಿ. ಹೊಸ ಐಕಾನ್‌ನ ಮೇಲೆ ಅಗಸೆ ಎಣ್ಣೆ ಬಳಿದಿದ್ದರೆ ಆ ಪದರ ಗಟ್ಟಿಯಾಗಲು ತುಂಬಾ ದಿನ ಬೇಕು, ಗುಳ್ಳೆ ಇರುವ ಪ್ಲಾಸ್ಟಿಕ್ ನೇರ ಸುತ್ತಿದರೆ ಗುಳ್ಳೆಯ ಗುರುತು ಮುಖದ ಮೇಲೇ ಉಳಿಯುತ್ತೆ. ಮೊದಲು ಮೆತ್ತನೆಯ ಕಾಗದ, ಆಮೇಲೆ ಉಳಿದದ್ದು. ರಷ್ಯದ ಚಳಿಗಾಲದ ಮನೆಗಳಲ್ಲಿ ಹೀಟರ್‌ನಿಂದ ಗಾಳಿ ಒಣಗಿರುತ್ತೆ, ಅಲ್ಲಿಂದ ನೇರ ಕರಾವಳಿಯ ಮಳೆಗಾಲಕ್ಕೆ ತಂದರೆ ಮರ ಒಮ್ಮೆಲೇ ಉಬ್ಬುತ್ತೆ. ಪೆಟ್ಟಿಗೆಯ ಮುಚ್ಚಳ ಸ್ವಲ್ಪ ತೆರೆದು ನಾಲ್ಕೈದು ದಿನ ಹಾಗೇ ಬಿಡಿ. ಮಳೆ ಹೊಡೆಯುವ ಹೊರಗೋಡೆ ಬೇಡ, ಬಿಸಿಲು ಬೀಳುವ ಜಾಗ ಬೇಡ, ಒದ್ದೆ ಬಟ್ಟೆಯಲ್ಲಿ ಯಾವತ್ತೂ ಒರೆಸಬೇಡಿ, ದೀಪ ಒಂದು ಗೇಣಿಗಿಂತ ಹತ್ತಿರ ಇಡಬೇಡಿ. ನಿಮ್ಮ ಕಣ್ಣಿನ ಮಟ್ಟಕ್ಕೆ, ಹತ್ತಿರ ಹೋಗಿ ನಿಲ್ಲಲು ಜಾಗ ಇರುವ ಒಳಗೋಡೆಗೆ ಹಾಕಿ. ಬೆಳಕು ಪಕ್ಕದಿಂದ ಬಂದರೆ ಕಣ್ಣಿನ ಕೆಳಗಿನ ಆ ಮೂರ್ನಾಲ್ಕು ಬಿಳಿ ಗೆರೆಗಳು ಚೆನ್ನಾಗಿ ಕಾಣುತ್ತವೆ.